ಹದಿನಾರು ದಿನದ ಸೋಪು

ಅಟ್ಟದ ಮೇಲಿಂದ ಕೊಡೆ ಇಳಿಸಲು ಹೋದವನಿಗೆ ಮೊನ್ನೆ ಹಳೆಯ ಬಿಸ್ಕತ್ತಿನ ಡಬ್ಬವೊಂದು ಸಿಕ್ಕಿತು. ಒಳಗೆ ಪೇಪರಿನಲ್ಲಿ ಸುತ್ತಿಟ್ಟ ನಾಲ್ಕು ತುಂಡು ಸೋಪು. ಮಾಸಲು ಬಿಳಿ ಬಣ್ಣ, ಒಂದರ ಮೂಲೆ ಮುರಿದಿದೆ, ಇನ್ನೊಂದರ ಮೇಲೆ ನನ್ನ ಹೆಬ್ಬೆರಳಿನ ಗುರುತು. ಈಗ ಅವು ಒಣಗಿ ಕಲ್ಲಾಗಿವೆ. ಯಾರ ಬಟ್ಟೆಯನ್ನಾದರೂ ನಿಶ್ಚಿಂತೆಯಿಂದ ಒಗೆಯಬಹುದು. ಆದರೆ ಅವನ್ನು ಕಂಡೊಡನೆ ಏಣಿಯ ಮೇಲೆ ನಿಂತಲ್ಲೇ ನಿಂತುಬಿಟ್ಟೆ. "ಕೊಡೆ ಸಿಕ್ತೇನ್ರೀ?" ಎಂದು ಕೆಳಗಿನಿಂದ ಹೆಂಡತಿ ಪದ್ಮಿನಿ ಕೂಗಿದಳು. "ಇಲ್ಲ" ಎಂದೆ. ಕೊಡೆ ಕೈಯಲ್ಲೇ ಇತ್ತು.

ನನ್ನ ವಿಷಯ ನಿಮಗೆ ಸ್ವಲ್ಪ ಹೇಳಬೇಕು. ಕಾಲೇಜೊಂದರ ಲೈಬ್ರರಿಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಹುಟ್ಟಾ ಪುಕ್ಕಲ. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ, ಗೇಟಿನವರೆಗೆ ಹೋಗಿ, ವಾಪಸು ಬಂದು ನಾಲ್ಕನೇ ಸಲ ಜಗ್ಗುವವನು. ಗ್ಯಾಸ್ ಆರಿಸಿದ್ದೇವೋ ಇಲ್ಲವೋ ಎಂಬ ಅನುಮಾನದಲ್ಲಿ ಎಷ್ಟೋ ಮದುವೆಯ ಊಟಗಳನ್ನು ರುಚಿಯೇ ತಿಳಿಯದೆ ಉಂಡು ಎದ್ದಿದ್ದೇನೆ. ಇಂಥವನು ಕಾಸ್ಟಿಕ್ ಸೋಡಾ ತಂದು ಮನೆಯಲ್ಲಿ ಸೋಪು ಮಾಡಲು ಹೊರಟಿದ್ದೇಕೆ ಎಂದರೆ, ಅದಕ್ಕೆ ಕಾರಣ ಬಾಣಂತನ.

ಮಗಳು ವಿಭಾ ಹೆರಿಗೆಗೆಂದು ಹಾಸನದಿಂದ ಜಯಲಕ್ಷ್ಮಿಪುರದ ನಮ್ಮ ಮನೆಗೆ ಬಂದಿದ್ದಳು. ಹೆಣ್ಣು ಮಗುವಾಯಿತು. ಬಾಣಂತಿ ಇರುವ ಮನೆಯಲ್ಲಿ ಗಂಡಸಿನಷ್ಟು ನಿರುಪಯೋಗಿ ವಸ್ತು ಇನ್ನೊಂದಿಲ್ಲ. ಹಿತ್ತಲಲ್ಲಿ ಹಂಡೆ ಉರಿಯುತ್ತದೆ, ಒಳಗೆ ಎಣ್ಣೆ ಕಾಯುತ್ತದೆ, ಸಾಂಬ್ರಾಣಿ ಹೊಗೆ ಏಳುತ್ತದೆ, ಹೆಂಗಸರು ಒಬ್ಬರಿಗೊಬ್ಬರು ಕಣ್ಣಲ್ಲೇ ಮಾತಾಡಿಕೊಂಡು ಓಡಾಡುತ್ತಾರೆ. ನಾನು ಎಲ್ಲಿ ನಿಂತರೂ ಅದು ಯಾರಾದರೂ ಹಾದುಹೋಗಬೇಕಾದ ಜಾಗವೇ ಆಗಿರುತ್ತಿತ್ತು. "ಸ್ವಲ್ಪ ಆ ಕಡೆ" ಎಂಬುದು ಆ ದಿನಗಳಲ್ಲಿ ನನಗೆ ಇಟ್ಟ ಹೆಸರೇನೋ ಅನ್ನಿಸುವಷ್ಟು ಸಲ ಕೇಳಿದೆ. ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದರೆ, "ಕೈ ತೊಳ್ಕೊಂಡ್ರಾ?" ತೊಳೆದುಕೊಂಡು ಬರುವಷ್ಟರಲ್ಲಿ ಮಗು ಮಲಗಿಬಿಟ್ಟಿರುತ್ತಿತ್ತು.

ನನ್ನಿಂದ ಸಂದದ್ದು ಒಂದೇ ಕಾಣಿಕೆ, ನನ್ನ ಹಳೆಯ ಪಂಚೆಗಳು. ಮಗುವಿನ ಮೊದಲ ಬಟ್ಟೆ ಹಿರಿಯರು ಉಟ್ಟು ಸವೆಸಿದ್ದಾಗಿರಬೇಕು ಎನ್ನುವುದು ನಮ್ಮಲ್ಲಿ ರೂಢಿ. ಪದ್ಮಿನಿ ಬೀರುವಿನಿಂದ ಏಳು ಪಂಚೆ ತೆಗೆದು ಪರಪರನೆ ಚೌಕ ಚೌಕ ಹರಿದಳು. ನನಗೆ ಹೆಮ್ಮೆಯಾಯಿತು. ಅದೂ ಉಳಿಯಲಿಲ್ಲ. ಒಂದು ತುಂಡನ್ನು ವಿಭಾ ಕೆನ್ನೆಗೆ ಒತ್ತಿಕೊಂಡು, "ಅಮ್ಮ, ಇದು ರಟ್ಟಿನ ಹಾಗಿದೆ" ಎಂದಳು.

ಇರಬಹುದು. ಗಂಜಿ ನಮ್ಮ ವಂಶದ ದೌರ್ಬಲ್ಯ. ಅಗ್ರಹಾರದ ಮನೆಯಲ್ಲಿ ತಾತನ ಕಾಲದಿಂದ ಬಂದದ್ದು. ತಾತ ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಕಚೇರಿ ಹೋಯಿತು, ಪೇಟ ಹೋಯಿತು, ಗಂಜಿ ಮಾತ್ರ ಹೋಗಲಿಲ್ಲ. ಅಮ್ಮ ಅನ್ನ ಬಸಿದ ಗಂಜಿಯನ್ನು ತೆಳುಬಟ್ಟೆಯಲ್ಲಿ ಸೋಸಿ, ಒಂದು ಚಿಟಿಕೆ ನೀಲಿ ಕಲಸಿ, ಪಂಚೆಗಳನ್ನು ಅದ್ದಿ ಒಣಗಿಸುತ್ತಿದ್ದರು. ಒಣಗಿದ ಪಂಚೆಯನ್ನು ಬಿಡಿಸುವಾಗ ಹಪ್ಪಳ ಮುರಿದಂತೆ ಸದ್ದು. ನಾವು ಹುಡುಗರು ಅದನ್ನು ಜಗಲಿಯ ಮೇಲೆ ಗುಡಾರದಂತೆ ನಿಲ್ಲಿಸಿ ಒಳಗೆ ಕೂರುತ್ತಿದ್ದೆವು. ಬೀದಿ ಎಷ್ಟು ಕಿರಿದೆಂದರೆ ಎದುರುಮನೆಯ ಒಗ್ಗರಣೆಗೆ ನಮ್ಮ ಪಂಚೆ ಸೀನುತ್ತಿತ್ತು. ಗಂಜಿ ಇಲ್ಲದ ಪಂಚೆ ಉಟ್ಟವನನ್ನು ಕಂಡರೆ ಅಪ್ಪ ಅವನಿಗೆ ಮೈಯಲ್ಲಿ ಹುಷಾರಿಲ್ಲವೇ ಎಂದು ನಿಜವಾದ ಕಳಕಳಿಯಿಂದ ವಿಚಾರಿಸುತ್ತಿದ್ದರು.

ಆ ಮನೆಯ ಇನ್ನೊಂದು ಬಟ್ಟೆಯ ನೆನಪೂ ಇದೆ. ಅಜ್ಜಿಯ ಮಡಿ ಸೀರೆ. ಅದನ್ನು ಯಾರಿಗೂ ತಗಲದ ಹಾಗೆ ಮಾಳಿಗೆಗೆ ತಾಗಿಕೊಂಡ ಗಳುವಿನ ಮೇಲೆ ಕೋಲಿನಿಂದ ಹರವುತ್ತಿದ್ದರು. ಆರೋ ಏಳೋ ವರ್ಷದವನಿದ್ದಾಗ, ಜೋತುಬಿದ್ದಿದ್ದ ಅದರ ಸೆರಗಿಗೆ ಎಗರಿ ತಲೆ ಹೊಡೆದೆ. ಯಾರೂ ನೋಡಲಿಲ್ಲ. ಅಜ್ಜಿ ಅದನ್ನೇ ಉಟ್ಟು ದೇವರ ಮುಂದೆ ಕೂತರು. ಕಂಬದ ಹಿಂದೆ ನಿಂತು ನಾನು ನೋಡುತ್ತಿದ್ದೆ. ಇನ್ನೇನು ದೇವರ ಮನೆಯ ದೀಪ ಆರುತ್ತದೆ, ಅಜ್ಜಿ ಬೀಳುತ್ತಾರೆ ಎಂದು ಕಾಯುತ್ತಿದ್ದೆ. ದೀಪ ಆರಲಿಲ್ಲ. ಆದರೆ ಎರಡು ದಿನಕ್ಕೆ ಅಜ್ಜಿಗೆ ನೆಗಡಿಯಾಯಿತು. ಅವರ ಒಂದೊಂದು ಸೀನಿಗೂ ನಾನು ನಡುಗಿದೆ. ಹೇಳಿದ್ದರೆ ಮತ್ತೊಂದು ಚೊಂಬು ನೀರು ಹಾಕಿ ಒಗೆದು ಮುಗಿಸುತ್ತಿದ್ದರು. ಹೇಳಲಿಲ್ಲ. ನಾನು ಅಂಥವನು.

ಇರಲಿ, ಸೋಪಿಗೆ ಬರೋಣ. ರಟ್ಟಿನಂಥ ಪಂಚೆಯನ್ನು ಮೆತ್ತಗೆ ಮಾಡುವುದು ಹೇಗೆಂದು ಫೋನಿನಲ್ಲಿ ಹುಡುಕಿದೆ. ಮನೆಯಲ್ಲೇ ಸೋಪು ಮಾಡಿ, ಮನೆಯಲ್ಲೇ ಬಟ್ಟೆ ಮೆದುಗೊಳಿಸುವ ನೀರು ಮಾಡಿ, ಅಂಗಡಿಯ ರಾಸಾಯನಿಕದಿಂದ ಮಕ್ಕಳನ್ನು ಕಾಪಾಡಿ ಎಂದು ಒಬ್ಬಾಕೆ ನಗುನಗುತ್ತಾ ತೋರಿಸಿದಳು. ಕೊಬ್ಬರಿ ಎಣ್ಣೆ, ನೀರು, ಕಾಸ್ಟಿಕ್ ಸೋಡಾ. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕೆ ಹಾಕಿದರೆ ಸಿಡಿಯುತ್ತದೆ ಎಂದಳು. ಆ ಒಂದು ವಾಕ್ಯವನ್ನು ಹನ್ನೊಂದು ಸಲ ಹಿಂದೆ ಮುಂದೆ ಮಾಡಿ ಕೇಳಿ, ಚೀಟಿಯಲ್ಲಿ ಬರೆದು ಹಿತ್ತಲ ಗೋಡೆಗೆ ಅಂಟಿಸಿದೆ. ಸ್ಕೂಟರಿನ ಹೆಲ್ಮೆಟ್ಟು, ಮಳೆಕೋಟು, ಕೈಗೆ ರಬ್ಬರು ಗವುಸು ಹಾಕಿಕೊಂಡು ಸ್ಟೀಲು ಪಾತ್ರೆಯ ಮುಂದೆ ನಿಂತೆ. ಪದ್ಮಿನಿ ಬಾಗಿಲಿಗೆ ಬಂದು, "ಚಂದ್ರಲೋಕಕ್ಕೆ ಹೊರಟ್ರಾ?" ಎಂದಳು. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಸೋಪೇನೋ ಆಯಿತು. ಹಾಲಿನ ಪ್ಯಾಕೆಟ್ಟಿನ ರಟ್ಟಿನ ಡಬ್ಬದಲ್ಲಿ ಹೊಯ್ದದ್ದು ಮರುದಿನ ಗಟ್ಟಿಯಾಗಿ, ಕತ್ತರಿಸಿದರೆ ಹದವಾದ ಬರ್ಫಿಯಂತೆ ಬಂತು. ಬಟ್ಟೆ ಮೆದುಗೊಳಿಸಲು ನೀರಿಗೆ ಬಿಳಿ ವಿನೆಗರ್ ಬೆರೆಸಿ, ಉಪ್ಪಿನಕಾಯಿ ವಾಸನೆ ಹೋಗಲೆಂದು ಲಾವಂಚದ ಬೇರು ಹಾಕಿಟ್ಟೆ. ತುಂಡುಗಳನ್ನು ತಟ್ಟೆಯಲ್ಲಿಟ್ಟು ಬಾಣಂತಿಯ ಕೋಣೆಗೆ ಒಯ್ದು ತೋರಿಸಿದೆ. ಪದ್ಮಿನಿ ನೋಡಿ, ಮೂಸಿ, "ಕಾಲೊರಸು ಒಗೀರಿ. ಮಗೂ ಬಟ್ಟೆ ಹತ್ರ ಮಾತ್ರ ತಂದೀರ, ಜೋಕೆ" ಎಂದಳು. ವೀಡಿಯೊದ ಹೆಂಗಸು ಕೊನೆಯಲ್ಲಿ ಹೇಳಿದ ಮಾತೂ ನನಗೆ ನೆನಪಿತ್ತು. ಸೋಪು ಮಾಡಿದ ಮೇಲೆ ನಾಲ್ಕರಿಂದ ಆರು ವಾರ ಗಾಳಿಗಿಟ್ಟು ಹದ ಮಾಡಬೇಕು. ಅವಸರಪಟ್ಟರೆ ಅದರ ಕ್ಷಾರ ಚರ್ಮಕ್ಕೆ ತಗಲಬಹುದು.

ಹದಿನಾರನೆಯ ದಿನ ನಾನು ಅದನ್ನು ಮಗುವಿನ ಬಟ್ಟೆಗೆ ಹಾಕಿದೆ.

ಏಕೆ ಹಾಕಿದೆ ಎಂದು ಕೇಳಬೇಡಿ, ಅದನ್ನು ನಾನೇ ನೂರು ಸಲ ಕೇಳಿಕೊಂಡಿದ್ದೇನೆ. ಬೆಳಗಿನ ಐದೂವರೆಗೆ ಎದ್ದು ಮಗುವಿನ ಬಟ್ಟೆಗಳನ್ನು ಮೊದಲ ಸಲ ಒಗೆದು, ಬಕೆಟ್ಟಿನಲ್ಲಿ ನೆನೆಸಿಡುವ ಕೆಲಸ ಆ ಹೊತ್ತಿಗೆ ನನಗೆ ಸಿಕ್ಕಿತ್ತು. ವಿಭಾ ತಂದಿದ್ದ ಮಗುವಿನ ಸೋಪಿನ ನೀರಿನ ಬಾಟಲಿಯಿಂದ ಎರಡು ಮುಚ್ಚಳ ಹಾಕಬೇಕು, ಅಷ್ಟೇ. ಆ ದಿನ ಬಾಟಲಿ ಖಾಲಿಯಾಯಿತು. ಇನ್ನೊಂದು ತರುವ ಬದಲು ನನ್ನ ಸೋಪನ್ನು ತುರಿದು ಬಿಸಿನೀರಲ್ಲಿ ಕರಗಿಸಿ ಅದೇ ಬಾಟಲಿಗೆ ತುಂಬಿದೆ. ಕೊನೆಯ ಬಕೆಟ್ಟಿಗೆ ವಿನೆಗರ್ ನೀರನ್ನೂ ಸೇರಿಸಿದೆ. ಒಂದೇ ಒಂದು ಕೆಲಸ ನನ್ನ ಕೈಯಿಂದ ಈ ಮಗುವಿಗಾಗಲಿ ಎಂದು ಆಸೆಯಾಗಿತ್ತು.

ಒಂಬತ್ತು ಗಂಟೆಗೆ ತಾಯಮ್ಮ ಬರುತ್ತಾಳೆ. ಚಿಕ್ಕತಾಯಮ್ಮ ಅಂತ ಹೆಸರು, ಕುಂಬಾರಕೊಪ್ಪಲಿನವಳು, ನಮ್ಮ ಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ. ನಾನು ನೆನೆಸಿಟ್ಟದ್ದನ್ನು ಜಾಲಿಸಿ, ಹಿಂಡಿ, ತಂತಿಗೆ ಹರವುವುದು ಅವಳ ಪಾಲು. ನಾಲ್ಕೈದು ದಿನಕ್ಕೆ ವಿಭಾ ಒಂದು ಚೌಕವನ್ನು ಕೆನ್ನೆಗೆ ಒತ್ತಿಕೊಂಡು, "ಅಮ್ಮ, ಅಪ್ಪನ ಪಂಚೆ ಈಗ ಬೆಣ್ಣೆ ಥರ ಆಗ್ಬಿಟ್ಟಿದೆ ಕಣಮ್ಮ. ತಾಯಮ್ಮನ ಕೈಗುಣ" ಎಂದಳು. ನಾನು ಪೇಪರು ಅಡ್ಡ ಹಿಡಿದು ಕೂತಿದ್ದೆ. ಪೇಪರಿನ ಹಿಂದೆ ನನ್ನ ಮುಖ ಹೇಗಿತ್ತು ಎಂಬುದನ್ನು ನೀವು ಊಹಿಸಬಹುದು. ಹೊಗಳಿಕೆ ಅವಳ ಹೆಸರಿಗೆ ಹೋದರೂ ಅಸಲು ಕೆಲಸಗಾರ ಯಾರೆಂದು ನನಗೆ ಗೊತ್ತಿತ್ತಲ್ಲ.

ನನ್ನ ಸೋಪು ಹಾಕತೊಡಗಿದ ಹತ್ತನೆಯ ದಿನ, ಒಂದು ಭಾನುವಾರ, ಮಗುವಿನ ಬೆನ್ನಿನ ಮೇಲೆ ಕೆಂಪು ಗುಳ್ಳೆಗಳು ಕಂಡವು. ಬೆನ್ನು, ಕುತ್ತಿಗೆಯ ಮಡಿಕೆ, ಸೊಂಟದ ಸುತ್ತ. ಎಣ್ಣೆ ಹಚ್ಚಲು ಬಟ್ಟೆ ಬಿಚ್ಚಿದ ಪದ್ಮಿನಿ "ಅಯ್ಯೋ" ಎಂದದ್ದು ನಡುಮನೆಯವರೆಗೆ ಕೇಳಿಸಿತು. ಒಳಗೆ ಹೋಗಿ ನೋಡುವ ಧೈರ್ಯವೂ ಇಲ್ಲ, ಹೊರಗೆ ನಿಲ್ಲುವ ಧೈರ್ಯವೂ ಇಲ್ಲ. ಬಾಗಿಲ ಪರದೆ ಹಿಡಿದು ನಿಂತೆ. ಬದನೆಕಾಯಿ ತಿಂದೆಯಾ ಎಂದು ತಾಯಿ ಮಗಳನ್ನು ಕೇಳಿದಳು. ನಿನ್ನ ಕಡಲೆಹಿಟ್ಟು ಉಜ್ಜಿದ್ದರಿಂದಲೇ ಎಂದು ಮಗಳು ತಾಯಿಯ ಮೇಲೆ ಹಾಕಿದಳು. ಇಬ್ಬರ ಕಣ್ಣಲ್ಲೂ ನೀರು. ಸೋಮವಾರ ಸಂಜೆಗೆ ಡಾಕ್ಟರ ಹತ್ತಿರ ಹೊತ್ತು ಸಿಕ್ಕಿತು.

ಆ ಭಾನುವಾರವನ್ನು ನಾನು ಹೇಗೆ ಕಳೆದೆ ಎಂದು ಹೇಳಿದರೆ ನಿಮಗೆ ನಗು ಬರುತ್ತದೆ. ನನಗೆ ಈಗಲೂ ಬರುವುದಿಲ್ಲ. ಕ್ಷಾರ ಇದ್ದರೆ ಅರಿಶಿನ ಕೆಂಪಾಗುತ್ತದೆ ಎಂದು ಸ್ಕೂಲಿನಲ್ಲಿ ಮೇಷ್ಟ್ರು ಹೇಳಿದ್ದು ನೆನಪಾಗಿ, ಕಾಗದಕ್ಕೆ ಅರಿಶಿನ ಬಳಿದು ನನ್ನ ಸೋಪಿನ ನೀರನ್ನು ಒಂದು ತೊಟ್ಟು ಬಿಟ್ಟೆ. ಆರತಿ ತಟ್ಟೆಯ ನೀರಿನ ಹಾಗೆ ಕೆಂಪೇರಿತು. ಸಮಾಧಾನಕ್ಕೆಂದು ಬಚ್ಚಲಿನಲ್ಲಿದ್ದ ಅಂಗಡಿಯ ಸೋಪನ್ನೂ ಪರೀಕ್ಷಿಸಿದೆ. ಅದೂ ಕೆಂಪು. ಬಟ್ಟೆ ಸೋಪು ಕೆಂಪು, ಪಾತ್ರೆ ಸೋಪು ಕೆಂಪು. ಎಲ್ಲವೂ ಕೆಂಪಾದರೆ ಯಾವುದನ್ನು ನಂಬುವುದು? ಕೊನೆಗೆ ನನ್ನ ಸೋಪಿನಲ್ಲಿ ಒಗೆದ ಕರವಸ್ತ್ರವನ್ನು ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಂಡು ಹಾಲು ತರಲು ಹೋದೆ. ಹಾಲಿನ ಬೂತು ತಲುಪುವ ಮೊದಲೇ ತುರಿಕೆ ಶುರುವಾಯಿತು. ಸೋಪಿನದೋ, ಭಯದ್ದೋ? ಎರಡು ತಿಂಗಳ ಕೂಸು, ಬಾಯಿ ಬಿಟ್ಟು ಉರಿಯುತ್ತದೆ ಎಂದು ಹೇಳಲಾರದು. ಬೀದಿಯಲ್ಲಿ ನಡೆಯುತ್ತಲೇ ನನಗೆ ಅಳು ಬಂತು.

ಅಷ್ಟಾದರೂ ಬಾಯಿ ಬಿಟ್ಟೆನೇ? ಇಲ್ಲ. ಮರುದಿನ ಬೆಳಗಿನ ಒಗೆತಕ್ಕೆ ಸೋಪೇ ಹಾಕಲಿಲ್ಲ, ಬರೀ ಬಿಸಿನೀರು. ಮೆಡಿಕಲ್ ಅಂಗಡಿಯಿಂದ ಹೊಸ ಬಾಟಲಿ ತಂದು, ಹಳೆಯದನ್ನು ತೊಳೆದು ಒಳಕ್ಕೆ ತುಂಬಿ, ಏನೂ ಆಗಿಲ್ಲದಂತೆ ಅಲ್ಲೇ ಇಟ್ಟೆ. ಸಾಕ್ಷಿ ಅಳಿಸಿದ್ದಾಯಿತು. ಡಾಕ್ಟರು ಏನಾದರೂ ಮುಲಾಮು ಕೊಡುತ್ತಾರೆ, ವಾಸಿಯಾಗುತ್ತದೆ, ಯಾರಿಗೂ ತಿಳಿಯುವುದಿಲ್ಲ ಎಂದು ಲೆಕ್ಕ ಹಾಕಿದೆ.

ಸೋಮವಾರ ಬೆಳಿಗ್ಗೆ ತಾಯಮ್ಮ ಬಂದಾಗ ಪದ್ಮಿನಿ ಹಿತ್ತಲ ಬಾಗಿಲಲ್ಲೇ ಕಾಯುತ್ತಿದ್ದಳು. ರಾತ್ರಿಯೆಲ್ಲ ಯೋಚಿಸಿ ಅವಳು ಒಂದು ತೀರ್ಮಾನಕ್ಕೆ ಬಂದಿದ್ದಳು.

"ಸರಿಯಾಗಿ ಜಾಲಿಸ್ತಿದ್ಯಾ ತಾಯಮ್ಮ? ನಾಲ್ಕು ಮನೆ ಕೆಲಸ ಅಂತ ಅವಸರದಲ್ಲಿ ಸೋಪು ಹಾಗೇ ಬಿಟ್ಟು ಹಿಂಡ್ಬಿಡ್ತೀಯ. ಮಗೂ ಬೆನ್ನು ನೋಡಿದ್ಯಾ?"

ತಾಯಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ಮೂರ್ ಮೂರ್ ನೀರಲ್ಲಿ ಜಾಲುಸ್ತೀನಿ ಕಣ್ರವ್ವಾ" ಎಂದಳು.

"ಜಾಲಿಸಿದ್ರೆ ಹೀಗಾಗ್ತಿತ್ತಾ? ನಾಳೆಯಿಂದ ಬರೋದು ಬೇಡ ಬಿಡು. ಬಾಣಂತನ ಮುಗಿಯೋವರೆಗೂ ನಾನೇ ಒಗ್ಕೋತೀನಿ. ಆಮೇಲೆ ನೋಡೋಣ."

ನಾನು ಅಲ್ಲೇ, ಹಂಡೆಯ ಪಕ್ಕ, ಸೌದೆ ಸರಿಸುವ ನೆಪದಲ್ಲಿ ಬಗ್ಗಿ ನಿಂತಿದ್ದೆ. ಹತ್ತೊಂಬತ್ತು ವರ್ಷದಲ್ಲಿ ಒಂದು ಚಮಚ ಕಳೆಯದ ಹೆಂಗಸು. ವಿಭಾಳ ಮದುವೆಯಲ್ಲಿ ನಮ್ಮಷ್ಟೇ ಅತ್ತವಳು. ಅವಳು ಪದ್ಮಿನಿಯ ಮುಖ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು, ಸ್ವಲ್ಪ ಹೆಚ್ಚು ಹೊತ್ತು. ಹೇಳಬೇಕೆಂದು ಬಾಯಿ ತೆರೆದೆ. ಹೊಗೆ ಗಂಟಲಿಗೆ ಹೋಗಿ ಕೆಮ್ಮಿದೆ. ಕೆಮ್ಮು ನಿಲ್ಲುವಷ್ಟರಲ್ಲಿ ತಾಯಮ್ಮ ಚೀಲ ಎತ್ತಿಕೊಂಡು ಗೇಟು ದಾಟಿದ್ದಳು.

ಆಮೇಲೆ ಚಪ್ಪಲಿ ಮೆಟ್ಟಿ ಓಡಿದೆ. ಬೀಗ ಜಗ್ಗಿ ನೋಡದೆ ನಾನು ಮನೆ ಬಿಟ್ಟದ್ದು ಬಹುಶಃ ಅದೇ ಮೊದಲು. ಮೂರನೇ ಅಡ್ಡರಸ್ತೆಯ ತಿರುವಿನಲ್ಲಿ, ಹೊಂಗೆ ಮರದ ಕೆಳಗೆ ಅವಳು ಸಿಕ್ಕಳು. ಏದುಸಿರು ಬಿಡುತ್ತಾ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಸೋಪು, ಹದಿನಾರು ದಿನ, ಬಾಟಲಿ, ವಿನೆಗರು, ಎಲ್ಲ.

ತಾಯಮ್ಮ ಆಶ್ಚರ್ಯಪಡಲಿಲ್ಲ. "ಗೊತ್ತು ಬುಡಿ ಸಾ" ಎಂದಳು.

"ಏನು ಗೊತ್ತು?"

"ಎರಡ್ನೇ ದಿನಾನೇ ಗೊತ್ತಾಯ್ತು. ಬಾಟ್ಲಿ ಒಳ್ಗೆ ಮೊಸರ್ ಎಪ್ಪಾಕ್ದಂಗೆ ಆಗಿತ್ತು. ಬಕೆಟ್ಟು ಮೂಸಿದ್ರೆ ಉಪ್ಪಿನ್ಕಾಯಿ ಗಮ್ಲು. ಇದ್ಯಾಕೋ ಸರಿಯಿಲ್ಲ ಅಂತ ಆ ನೀರ್ನೆಲ್ಲ ಚರಂಡಿಗೆ ಸುರ್ದೆ. ಅವತ್ನಿಂದ ದಿನಾ ಹಂಡೆಲಿ ಮಿಕ್ಕಿದ್ ಬಿಸ್ನೀರಲ್ಲಿ ಅಂಟುವಾಳ ನೆನ್ಸಿ, ಅದ್ರಲ್ಲಿ ಎಲ್ಲಾನೂ ಇನ್ನೊಂದ್ಸಲ ಒಗುದು, ಜಾಲ್ಸಿ ಆಕ್ತಿದ್ದೆ. ಗಂಜಿ ಬುಡ್ಸೋಕೆ ಬಿಸ್ನೀರೇ ಬೇಕು ಸಾ. ಸೋಪಲ್ಲಿ ಹೋಗಲ್ಲ ಅದು."

ಬೆಣ್ಣೆಯಂಥ ಆ ಮೆದು ಅವಳ ಕೈಯದೇ. ಪೇಪರಿನ ಹಿಂದೆ ಹಿಗ್ಗಿದ ನನ್ನ ಮುಖ ನನಗೇ ಕಂಡಿತು. ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಮತ್ತೆ ಪದ್ಮಿನಿ ಅಷ್ಟು ಮಾತಾಡಿದಾಗ ನೀನು ಯಾಕೆ ಹೇಳಲಿಲ್ಲ ತಾಯಮ್ಮ?"

ಅವಳು ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. "ನೀವೇ ಯೋಳ್ತೀರೇನೋ ಅಂತ ನೋಡ್ತಿದ್ದೆ" ಎಂದಳು.

ಮನೆಗೆ ಬಾ ಎಂದು ಕರೆದೆ. "ಮೊದ್ಲು ಓಗಿ ಅವ್ರಿಗೆ ಯೋಳಿ. ಅಮ್ಮಾವ್ರು ಕರುದ್ರೆ ಬತ್ತೀನಿ" ಎಂದು ಕುಂಬಾರಕೊಪ್ಪಲಿನ ದಾರಿ ಹಿಡಿದು ಹೊರಟೇಬಿಟ್ಟಳು.

ನನ್ನ ಸೋಪು ಮಗುವಿನ ಮೈಗೆ ತಗಲಿದ್ದು ಹೆಚ್ಚೆಂದರೆ ಮೊದಲ ದಿನ ಮಾತ್ರ ಎಂದು ತಿಳಿದ ಮೇಲೆ ನಾನು ಹಗುರಾಗಬೇಕಿತ್ತು. ಆಗಲಿಲ್ಲ. ಮನೆಯವರೆಗಿನ ಆ ನಾಲ್ಕು ಹೆಜ್ಜೆ ದಾರಿ ಮುಗಿಯುವುದೇ ಬೇಡ ಎಂದು ನಿಧಾನವಾಗಿ ನಡೆದೆ. ಪದ್ಮಿನಿ ಸೀರೆ ಎತ್ತಿಕಟ್ಟಿ ಒಗೆಯುವ ಕಲ್ಲಿನ ಮುಂದೆ ನಿಂತಿದ್ದಳು. ವಿಭಾ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲಲ್ಲಿದ್ದಳು. ಹೇಳಿದೆ. ಈ ಸಲ ಕೆಮ್ಮಲಿಲ್ಲ, ತೊದಲಿದೆ, ಆದರೆ ಏನನ್ನೂ ಬಿಡದೆ ಹೇಳಿದೆ.

ಪದ್ಮಿನಿ ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಕಲ್ಲಿನ ಮೇಲೆ ಇಟ್ಟು, "ಅವಳ ಮುಂದೇನೇ ನಿಂತಿದ್ರಲ್ರೀ" ಎಂದಳು. ಅಷ್ಟೇ. ವಿಭಾ ನನ್ನ ಕಡೆಯಿದ್ದ ಹೆಗಲಿನಿಂದ ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು. ಬೇಕೆಂದು ಮಾಡಿದಳೋ, ಕೈ ಸೋತು ಮಾಡಿದಳೋ, ಇವತ್ತಿಗೂ ಕೇಳಿಲ್ಲ.

ಸಂಜೆ ಡಾಕ್ಟರು ಮಗುವಿನ ಬೆನ್ನು ನೋಡಿ, "ಸೆಕೆಗಾಲದಲ್ಲಿ ಇಷ್ಟೊಂದು ಸುತ್ತಿದ್ರೆ ಇನ್ನೇನಾಗುತ್ತೆ? ಬೆವರುಗುಳ್ಳೆ. ಗಾಳಿ ಆಡ್ಲಿ, ಎಣ್ಣೆ ಕಡಿಮೆ ಮಾಡಿ" ಎಂದರು. ನಾಲ್ಕು ದಿನಕ್ಕೆ ಬೆನ್ನು ತಿಳಿಯಾಯಿತು. ಆ ರಾತ್ರಿಯೇ ಪದ್ಮಿನಿ ತಾಯಮ್ಮನಿಗೆ ಫೋನು ಮಾಡಿದಳು. ಕೋಣೆಯ ಬಾಗಿಲು ಹಾಕಿಕೊಂಡು ಮಾತಾಡಿದಳು. ಏನು ಹೇಳಿದಳು, ಎಷ್ಟು ಸಲ ಹೇಳಿದಳು ಎಂಬುದು ನನಗೆ ಕೇಳಿಸಲಿಲ್ಲ. ಹೊರಬಂದಾಗ ಮೂಗು ಕೆಂಪಾಗಿತ್ತು.

ಮಂಗಳವಾರ ಒಂಬತ್ತಕ್ಕೆ ಸರಿಯಾಗಿ ತಾಯಮ್ಮ ಬಂದಳು. ಪದ್ಮಿನಿಯೊಡನೆ ಎಂದಿನಂತೆ ಮಾತಾಡಿದಳು, ವಿಭಾಳ ಕೂದಲಿಗೆ ಧೂಪ ಹಿಡಿದಳು, ಮಗುವಿನ ಗಲ್ಲ ಹಿಡಿದು ಮುದ್ದಾಡಿದಳು. ನನ್ನೊಡನೆ ಮಾತಿಲ್ಲ. ಸಿಟ್ಟೂ ಇಲ್ಲ, ಮುನಿಸಿನ ಮುಖವೂ ಇಲ್ಲ, ಹಿತ್ತಲಲ್ಲಿ ನಾನೊಂದು ಕಂಬವಿದ್ದೇನೆ ಎಂಬಂತೆ ಸುತ್ತಿಕೊಂಡು ಓಡಾಡಿದಳು. ಬುಧವಾರವೂ ಹಾಗೆಯೇ. ಒಂದು ವಾರ ಕಳೆಯಿತು. ಅವಳು ಬರುವ ಹೊತ್ತಿಗೆ ನಾನು ಸೌದೆ ಜೋಡಿಸಿ, ಬಕೆಟ್ಟು ತೊಳೆದು, ತಂತಿ ಒರೆಸಿ ನಿಲ್ಲುತ್ತಿದ್ದೆ. ಅವಳು ನೋಡುತ್ತಿರಲಿಲ್ಲ. ಈ ಮನೆಯಲ್ಲಿ ಕ್ಷಮೆ ಕೊಡಬೇಕಾದವಳು ಇವಳೊಬ್ಬಳೇ, ಇವಳು ಕೊಡದೇ ಹೋದರೆ ಏನು ಮಾಡುವುದು ಎಂದು ಬೆಳಗಿನ ಜಾವಕ್ಕೇ ಎಚ್ಚರವಾಗುತ್ತಿತ್ತು.

ಹನ್ನೆರಡನೆಯ ದಿನ ನಾನು ನಡುಮನೆಯಲ್ಲಿ ಪೇಪರು ಓದುತ್ತಿದ್ದೆ. ಓದುತ್ತಿರಲಿಲ್ಲ, ಹಿಡಿದುಕೊಂಡಿದ್ದೆ. ಹಿತ್ತಲಿನಿಂದ ತಾಯಮ್ಮನ ದನಿ ಬಂತು.

"ಸಾ, ಹಂಡೆ ನೀರು ಕಾದಿದ್ಯಾ ವಸಿ ನೋಡಿ."

ಪೇಪರು ಎಲ್ಲಿ ಬಿತ್ತೋ ಗೊತ್ತಿಲ್ಲ. ಎದ್ದು ಹೋದವನು ನೀರಿಗೆ ಬೆರಳಿಟ್ಟು ನೋಡಿದೆ. ಸುಟ್ಟಿತು. "ಕಾದಿದೆ" ಎಂದೆ.